ಮೀನೆಣ್ಣೆ: ಆರ್ಕ್ಟಿಕ್‌ನಿಂದ ಅಂಗನವಾಡಿವರೆಗೆ

ನಮ್ಮ ಶ್ರೀನಿವಾಸಪುರ ಅಂದ್ರೆ ಮಾವು. ಸಮುದ್ರಕ್ಕೂ ನಮಗೂ ಬಲು ದೂರ. ಆದ್ರೂ ಇವತ್ತಿನ ಕಥೆ ಒಂದು ಆರ್ಕ್ಟಿಕ್ ಮೀನಿಂದು. ಹೆಸರು ಕಾಡ್. ಸ್ಕಾಟ್ಸ್ ಎಮಲ್ಷನ್ ಬಾಟ್ಲಿ ಮೇಲೆ ಒಬ್ಬ ಮನುಷ್ಯ ಬೆನ್ನಿಗೆ ದೊಡ್ಡ ಮೀನು ಹೊತ್ಕೊಂಡಿರ್ತಾನಲ್ಲ, ಅದೇ.

ನಾರ್ವೆಯ ಉತ್ತರಕ್ಕಿರೋ ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಳೆಯೋ ಈ ಮೀನು, ಚಳಿಗಾಲದಲ್ಲಿ ಮೊಟ್ಟೆ ಇಡೋಕೆ ಲೊಫೋಟೆನ್ ದ್ವೀಪಗಳ ಕಡೆ ಬರುತ್ತೆ. ಇದರ ಕೊಬ್ಬೆಲ್ಲ ಲಿವರ್‌ನಲ್ಲಿ ಕೂಡಿರುತ್ತೆ. 1850ರ ದಶಕದಲ್ಲಿ ಪೀಟರ್ ಮೋಲರ್ ಎಂಬ ನಾರ್ವೆಯವರು ಲಿವರನ್ನ ಹಬೆಯಲ್ಲಿ ಬೇಯಿಸಿ ಶುದ್ಧ ಎಣ್ಣೆ ತೆಗೆದರು. ಅದರಲ್ಲಿರೋದು ಎ ಮತ್ತು ಡಿ ವಿಟಮಿನ್. ಎ ಕಡಿಮೆಯಾದ್ರೆ ಇರುಳುಗಣ್ಣು, ತೀರಾ ಕಡಿಮೆಯಾದ್ರೆ ಕುರುಡು. ಡಿ ಕಡಿಮೆಯಾದ್ರೆ ಮಕ್ಕಳ ಕಾಲು ಸೊಟ್ಟ.

1940ರ ಏಪ್ರಿಲ್‌ನಲ್ಲಿ ಹಿಟ್ಲರ್ ಸೈನ್ಯ ನಾರ್ವೆಗೆ ನುಗ್ಗಿತು. ಎಣ್ಣೆ ಸಪ್ಲೈ ಕಟ್! ಬಿಕಾಂನಲ್ಲಿ ನಾವು ಓದಿದ ಆಮದು ಬದಲಿ ಅನ್ನೋ ಪಾಠ ಇಲ್ಲಿ ನಿಜವಾಗಿ ನಡೀತು. ಆಗ ನಮ್ಮ ಕೋಲಾರ ಮೈಸೂರು ಸಂಸ್ಥಾನದಲ್ಲಿತ್ತು, ಕರಾವಳಿಯ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಸರ್ಕಾರ ಕೋಝಿಕ್ಕೋಡ್‌ನಲ್ಲಿ ಶಾರ್ಕ್ ಲಿವರ್ ಎಣ್ಣೆ ತಯಾರಿಸಿತು. ಶಾರ್ಕ್ ಎಣ್ಣೇಲಿ ಎ ವಿಟಮಿನ್ ಎಷ್ಟು ಜಾಸ್ತಿ ಅಂದ್ರೆ, ಕಡಲೆಕಾಯಿ ಎಣ್ಣೆ ಬೆರೆಸಿ ಹದಕ್ಕೆ ತರಬೇಕಿತ್ತು. ಡಿ ಮಾತ್ರ ಕಾಡ್‌ನಷ್ಟು ಇರಲಿಲ್ಲ.

ಆದ್ರೆ ಆ ವ್ಯಾಪಾರಾನೂ ಬಹಳ ಕಾಲ ನಿಲ್ಲಲಿಲ್ಲ. 1947ರ ಹೊತ್ತಿಗೆ ಸ್ವಿಟ್ಜರ್ಲೆಂಡ್‌ನ ಲ್ಯಾಬ್‌ನಲ್ಲಿ ಎ ವಿಟಮಿನ್ ತಯಾರಿಸೋ ವಿಧಾನ ಸಿಕ್ತು. ಮೀನು ಹಿಡಿಯೋದೇ ಬೇಡ!

ಹಂಗಂತ ಕಾಯಿಲೆ ಹೋಗಲಿಲ್ಲ. 1970ರಲ್ಲಿ ಭಾರತ ಸರ್ಕಾರ ಮಕ್ಕಳ ಕುರುಡು ತಡೆಯೋಕೆ ಎ ವಿಟಮಿನ್ ಕಾರ್ಯಕ್ರಮ ಶುರು ಮಾಡಿತು. ಈಗಲೂ ಮಗುಗೆ 9 ತಿಂಗಳಲ್ಲಿ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಹಾಕ್ತಾರೆ. ಒಟ್ಟು 9 ಡೋಸ್. ಅಂಗನವಾಡೀಲಿ ಚಮಚದಲ್ಲಿ ಕುಡಿಸೋ ಆ ಸಿರಪ್, ಹಳೇ ಮೀನೆಣ್ಣೆ ಮಾಡ್ತಿದ್ದ ಕೆಲಸಾನೇ ಮಾಡ್ತಿದೆ.

ನಮ್ಮ ಹಣ್ಣಾದ ಮಾವಲ್ಲೂ, ನುಗ್ಗೆ ಸೊಪ್ಪಲ್ಲೂ ಬೀಟಾ ಕ್ಯಾರೊಟಿನ್ ಇದೆ. ದೇಹ ಅದನ್ನ ಎ ವಿಟಮಿನ್ ಮಾಡ್ಕೊಳ್ಳುತ್ತೆ. ಮಾವು ಸೀಸನ್‌ಗೆ ಮಾತ್ರ, ನುಗ್ಗೆ ಹಿತ್ತಲಲ್ಲೇ ಇರುತ್ತೆ. ಆದ್ರೆ ಡೋಸ್ ತಪ್ಪಿಸಬೇಡಿ. ಮನೇಲಿ ಪುಟ್ಟ ಮಕ್ಕಳಿದ್ರೆ ಇವತ್ತೇ ತಾಯಿ ಕಾರ್ಡ್ ತೆಗೆದು, ಎಷ್ಟು ಡೋಸ್ ಆಗಿದೆ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.