ಮದ್ಯವರ್ಜನ ಶಿಬಿರ

ಕುಡಿತದ ಚಟ ಬಿಡಿಸಲು ಆಧುನಿಕ ಚಿಕಿತ್ಸಾಕ್ರಮದ ಜೊತೆಗೆ ಊರಿನ ಆಚರಣೆಗಳನ್ನೂ ಬಳಸುವ ವಸತಿ ಶಿಬಿರ. ಕರ್ನಾಟಕದಲ್ಲಿ ಇದನ್ನು ವ್ಯಾಪಕವಾಗಿ ನಡೆಸುತ್ತಿರುವವು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಮತ್ತು 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಅವಧಿ ಸಾಮಾನ್ಯವಾಗಿ ಎಂಟು ದಿನ. ಕುಡಿತ ಹಠಾತ್ತನೆ ನಿಂತಾಗ ಕೈನಡುಕ, ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್ ಮತ್ತು ಸನ್ನಿ ಕಾಣಿಸಿಕೊಳ್ಳುವುದರಿಂದ ವೈದ್ಯಕೀಯ ನಿಗಾ ಅಗತ್ಯ. ಜೊತೆಗೆ ಯೋಗ, ಭಜನೆ, ಆಪ್ತಸಮಾಲೋಚನೆ, ಕುಟುಂಬದವರಿಗೆ ತಿಳಿವಳಿಕೆ ಇರುತ್ತವೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ; 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳ ತಿರುಳೂ ಇದೇ. ತಮಿಳುನಾಡಿನಲ್ಲಿ ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನವು 1989ರಲ್ಲಿ ಮಂಜಕ್ಕುಡಿ ಗ್ರಾಮದಲ್ಲಿ ಗ್ರಾಮೀಣ ಚಿಕಿತ್ಸಾ ಶಿಬಿರ ಆರಂಭಿಸಿತು.