ಗಾಳಿಬೀಡಿನ ಮಳೆ ಲೆಕ್ಕ: ಇಂಚು–ಸೆಂಟಿನಿಂದ ಆರ್‌ವರೆಗೆ

ಕೊಡಗಿನ ತೋಟಗಳಲ್ಲಿ ಮಳೆಗೆ ಇಂದಿಗೂ ಇಂಚು–ಸೆಂಟಿನ ಲೆಕ್ಕವೇ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎಬ್ಬಿಸಿದ ಮೇಲೆ ಹಬ್ಬಿದ ತೋಟಗಾರಿಕೆಯಲ್ಲಿ ಬೇರೂರಿದ ರೂಢಿ ಇದು: ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಅಂಕಿಯನ್ನು ಮಳೆಪುಸ್ತಕದಲ್ಲಿ ತಾರೀಖಿನ ಎದುರು ಬರೆದಿಡುವುದು. ಇಂಥ ಅಂಕಿಗಳನ್ನು ಈಗ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಹಾಕಿ ಮುಂದಿನ ದಿನಗಳ ಅಂದಾಜು ಕಟ್ಟಬಹುದು. ಆದರೆ ಆ ಅಂದಾಜು ಗಟ್ಟಿಯಾಗುವುದು ಸೂತ್ರದ ಬಲಕ್ಕಿಂತ ಹೆಚ್ಚಾಗಿ ಪುಸ್ತಕ ಬರೆದವರ ಶಿಸ್ತಿನಿಂದ.

ತೋಟಕ್ಕೆ ತಿಂಗಳ ಮೊತ್ತ ಸಾಲದು, ತಾರೀಖೇ ಬೇಕು. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆಮೇಲೆ ಎರಡು–ಮೂರು ವಾರದಲ್ಲಿ ‘ಬ್ಯಾಕಿಂಗ್’ ಎನ್ನುವ ಮರುಮಳೆ ಬರದಿದ್ದರೆ ಕಾಯಿ ಕಚ್ಚುವುದು ಕಮ್ಮಿ. ಸರ್ಕಾರದ ಮುನ್ಸೂಚನೆ ಬೇರೆ ದಾರಿ ಹಿಡಿದಿತ್ತು. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು; ಅದರ ಮುಖ್ಯಸ್ಥ ಬ್ಲಾನ್‌ಫೋರ್ಡ್ 1886ರಲ್ಲಿ ಹಿಮಾಲಯದ ಹಿಮ ನೋಡಿ ಇಡೀ ಮುಂಗಾರಿನ ಅಂದಾಜು ಕೊಟ್ಟರು. 1904ರಲ್ಲಿ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಜಗತ್ತಿನ ಹಲವು ಕೇಂದ್ರಗಳ ಗಾಳಿಯ ಒತ್ತಡ, ಉಷ್ಣತೆ, ಮಳೆಗಳನ್ನು ಸಂಖ್ಯಾಶಾಸ್ತ್ರದಿಂದ ಹೆಣೆದರು. ಮಳೆಗಾಲದ ಮೊತ್ತವನ್ನು ಊಹಿಸುವುದು ಅವರ ಗುರಿ. ದಿನದ ಲೆಕ್ಕ ಅಲ್ಲಿ ಕರಗಿಹೋಗುತ್ತಿತ್ತು. ಆದರೂ ವಾಕರ್ ಕಂಡದ್ದೆಲ್ಲ ಯಾರೋ ಎಡೆಬಿಡದೆ ಬರೆದಿಟ್ಟ ಅಂಕಿಗಳಿಂದಲೇ.

1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಕಟ್ಟಿದ ಆರ್, ದಿನದ ಲೆಕ್ಕವನ್ನು ಮೊತ್ತದಲ್ಲಿ ಕರಗಿಸದೆ ಇಡೀ ಸರಣಿಯಾಗಿಯೇ ಹಿಡಿಯಬಲ್ಲದು. ಆದರೆ ಮೊದಲ ಹೆಜ್ಜೆಗೇ ಪ್ರಶ್ನೆ ಎದುರಾಗುತ್ತದೆ. ಅದರ ಹಳೆಯ ‘ಟಿಎಸ್’ ವಿಧಾನ ಒಂದು ಸುತ್ತಿಗೆ ಎಷ್ಟು ದಿನವೆಂದು ಕೇಳುತ್ತದೆ. 365 ಎಂದರೆ ಫೆಬ್ರವರಿ 29ಕ್ಕೆ ಜಾಗವಿಲ್ಲ. ನಲವತ್ತು ವರ್ಷದ ಪುಸ್ತಕದಲ್ಲಿ ಋತು ಹತ್ತು ದಿನ ಜಾರುತ್ತದೆ. ಹೂಮಳೆಯಿಂದ ಹೂ ಅರಳುವವರೆಗಿನ ಅಂತರವೂ ಅಷ್ಟೇ! ಹಾಗಾಗಿ ತಿಳಿದವರು ಪ್ರತಿ ಅಂಕಿಗೂ ನಿಜವಾದ ತಾರೀಖು ಕಟ್ಟಿ, 365.25 ದಿನದ ಸುತ್ತನ್ನು ಅಲೆಗಳಾಗಿ ಸೂತ್ರಕ್ಕೆ ಸೇರಿಸುತ್ತಾರೆ. ಖಾಲಿ ಬಿಟ್ಟ ದಿನ ಮಳೆಯಿಲ್ಲದ ದಿನವೋ, ಅಳೆಯದ ದಿನವೋ? ಭಾನುವಾರದ ನೀರು ಸೋಮವಾರಕ್ಕೆ ಸೇರಿದೆಯೇ? ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ; ತೋಟದವರು ಏಳಕ್ಕೇ ಅಳೆದಿದ್ದರೆ? ಇವಕ್ಕೆ ಉತ್ತರ ಯಂತ್ರದಲ್ಲಿಲ್ಲ, ಬರೆದವರ ಪದ್ಧತಿಯಲ್ಲಿದೆ.

ಆರಿದ್ರಾ, ಪುನರ್ವಸು, ಪುಷ್ಯ ಎಂದು ಹದಿಮೂರು–ಹದಿನಾಲ್ಕು ದಿನಗಳ ಮಳೆನಕ್ಷತ್ರಗಳಿರುವಾಗ ಇಷ್ಟೆಲ್ಲ ಯಾಕೆಂದು ಕೇಳಬಹುದು. ನಕ್ಷತ್ರ ಹೇಳುವುದು ವಾಡಿಕೆಯನ್ನು. ವಾಡಿಕೆ ತಪ್ಪಿದಾಗ ಎಷ್ಟು ತಪ್ಪಿತೆಂದು ಹೇಳುವುದು ಪುಸ್ತಕ. ಉಪಗ್ರಹಗಳಿರುವಾಗ ಹಳೆ ಪುಸ್ತಕವೇಕೆ ಎಂಬ ಮಾತೂ ಇದೆ. ಪಶ್ಚಿಮದ ಭಾಗಮಂಡಲ ತೊಯ್ದು ತೊಪ್ಪೆಯಾಗುವಾಗ ಪೂರ್ವದ ಕುಶಾಲನಗರಕ್ಕೆ ಅದರ ಸಣ್ಣ ಪಾಲು ಮಾತ್ರ ಸಿಗುವ ಈ ಜಿಲ್ಲೆಯಲ್ಲಿ ಒಂದು ಊರಿನ ಅಂಕಿ ಇನ್ನೊಂದಕ್ಕೆ ಸಲ್ಲದು, ಮಡಿಕೇರಿಯದು ಹತ್ತಿರದ ಗಾಳಿಬೀಡಿಗೂ ಸಲ್ಲದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟಕ್ಕೆ ಟೆಲಿಮೆಟ್ರಿಕ್ ಮಳೆಮಾಪಕ ತಂದದ್ದು ಇದಕ್ಕೇ. ಆದರೆ ಆ ಯಂತ್ರಗಳಿಗೆ ಹಳೆಯ ನೆನಪಿಲ್ಲ. ಎಲ್ಲಕ್ಕಿಂತ ಗಟ್ಟಿ ಆಕ್ಷೇಪ 2018ರ ಆಗಸ್ಟಿನದು. ಆಗ ಗಾಳಿಬೀಡು, ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದವು. ಹಿಂದಿನ ಅಂಕಿಗಳಿಂದ ಅದು ಗೊತ್ತಾಗಬಹುದಿತ್ತೇ? ಗೊತ್ತಾಗುತ್ತಿರಲಿಲ್ಲ. ವಾರ ಕಳೆದರೆ ಸೂತ್ರದ ಅಂದಾಜು ಋತುವಿನ ಸರಾಸರಿಗೇ ಮರಳುತ್ತದೆ. ಗುಡ್ಡ ಕಡಿದದ್ದು ಮಳೆಪುಸ್ತಕದಲ್ಲಿ ದಾಖಲಾಗುವುದೂ ಇಲ್ಲ. ಆದರೆ ವಾರಗಟ್ಟಲೆ ನೀರು ಕುಡಿದ ಮಣ್ಣಿನ ಮೇಲೆ ಇನ್ನೂ ಎಷ್ಟು ಬಿದ್ದಿತೆಂಬ ಕೂಡು ಲೆಕ್ಕ ದಿನದ ಸರಣಿಯಿಂದ ಮಾತ್ರ ಸಿಗುತ್ತದೆ.

ಆದ್ದರಿಂದ ನಾಳೆ ಇಷ್ಟೇ ಸೆಂಟು ಎಂಬ ಒಂಟಿ ಅಂಕಿಯನ್ನು ಆರ್‌ನಿಂದ ಕೇಳುವುದು ವ್ಯರ್ಥ. ಇಷ್ಟರಿಂದ ಇಷ್ಟರೊಳಗೆ, ಇಷ್ಟು ಸಂಭವ ಎಂಬ ಉತ್ತರವೇ ಪ್ರಾಮಾಣಿಕವಾದದ್ದು. ಆ ಉತ್ತರ ನಂಬಿಕೆಗೆ ಅರ್ಹವಾಗಬೇಕಾದರೆ ತೋಟದ ಪುಸ್ತಕಗಳನ್ನು ಗಣಕಕ್ಕೆ ಏರಿಸುವಾಗ ಖಾಲಿ ದಿನಗಳನ್ನು ಸೊನ್ನೆಯಿಂದ ತುಂಬದೆ ಖಾಲಿಯಾಗಿಯೇ ಬಿಡಬೇಕು. ಅಳತೆಯ ಹೊತ್ತನ್ನು, ಮಳೆಮಾಪಕದ ಜಾಗ ಬದಲಾದ ವರ್ಷವನ್ನು ಅಂಕಿಯ ಪಕ್ಕದಲ್ಲೇ ಬರೆಯಬೇಕು.