ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಒಗಟು

1985ರಲ್ಲಿ ಅಮೆರಿಕದ ಆಲ್ಡಸ್ ಸಂಸ್ಥೆ ‘ಪೇಜ್‌ಮೇಕರ್’ ಎಂಬ ತಂತ್ರಾಂಶವನ್ನು ಹೊರತಂದಿತು. ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ಕೆಲಸ ಅದರಿಂದ ಮೇಜಿನ ಮೇಲಿನ ಪರದೆಗೆ ಬಂತು. 1990ರ ದಶಕದಲ್ಲಿ ನಮ್ಮ ಊರುಗಳಲ್ಲೂ ‘ಡಿಟಿಪಿ’ ಫಲಕಗಳು ಕಾಣಿಸಿಕೊಂಡವು. ಲಗ್ನಪತ್ರಿಕೆ, ಕಾದಂಬರಿ ಎಲ್ಲವೂ ಅಂದವಾಗಿ ಅಚ್ಚಾದವು. ಆದರೆ ಪುಟದ ಮೇಲೆ ಕನ್ನಡವಾಗಿ ಕಂಡದ್ದು ಕಂಪ್ಯೂಟರಿನ ಒಳಗೆ ಕನ್ನಡವಾಗಿರಲಿಲ್ಲ.

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಡುತ್ತದೆ. ಅಂದಿನ ಫಾಂಟಿನಲ್ಲಿದ್ದುದು ಹೆಚ್ಚೆಂದರೆ 256 ಸ್ಥಾನ. ಅವೂ ರೋಮನ್ ಲಿಪಿಗೆಂದು ಗೊತ್ತುಮಾಡಿದವು. ಕಾಗುಣಿತ, ಒತ್ತಕ್ಷರಗಳೆಲ್ಲ ಅಲ್ಲಿ ಹಿಡಿಸವು. ಹಾಗಾಗಿ ಕನ್ನಡದ ಅಕ್ಷರಗಳನ್ನು ತುಂಡುಮಾಡಿ ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಯಿತು. ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದಕ್ಕೆ ಏಳು ಸಂಕೇತಗಳು: ಅಕ್ಷರಗಳ ಒಡಲು ಮೂರು, ತಲೆಕಟ್ಟು ಮೂರು, ಒತ್ತು ಒಂದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಪುಟ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಅಕಾರಾದಿಯಾಗಿ ಜೋಡಿಸುವುದೂ ಕಷ್ಟ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರ, ಬರೆಯುವಾಗ ಅರ್ಕಾವತ್ತಾಗಿ ಯಕಾರದ ನಂತರ ಕೂರುತ್ತದೆ. ಕಡತದಲ್ಲೂ ಅದೇ ಕ್ರಮ.

ಬರೆಯುವವರ ಕಷ್ಟವನ್ನು ಕೆ.ಪಿ. ರಾವ್ ಅವರ ಕೀಲಿಮಣೆ ತಗ್ಗಿಸಿತು. ಉಚ್ಚಾರದ ಕ್ರಮದಲ್ಲಿ ಕೀಲಿ ಒತ್ತಿದರೆ ಒತ್ತಕ್ಷರ ತಾನಾಗಿ ಮೂಡುತ್ತಿತ್ತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡ ಬೆರಳಚ್ಚು ಮನೆಮನೆಗೆ ತಲುಪಿತು. ಆದರೂ ಕಡತದೊಳಗೆ ಉಳಿಯುತ್ತಿದ್ದುದು ಬಹುಪಾಲು ಆ ತುಂಡುಗಳೇ.

ಪರಿಹಾರ 1991ರಲ್ಲೇ ಸಿದ್ಧವಾಗಿತ್ತು. ಜಗತ್ತಿನ ಲಿಪಿಗಳಿಗೆ ಪ್ರತ್ಯೇಕ ಸಂಖ್ಯೆ ಕೊಡಲು ಹೊರಟ ಯೂನಿಕೋಡ್, ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು. ಇಲ್ಲಿ ‘ಕನ್ನಡ’ಕ್ಕೆ ಐದೇ ಸಂಕೇತ: ಕ, ನ, ಹಲಂತ ಚಿಹ್ನೆ, ನ, ಡ. ತಲೆಕಟ್ಟು ಮತ್ತು ಒತ್ತುಗಳನ್ನು ಬಿಡಿಸುವುದು ಫಾಂಟಿನ ಹೊಣೆ. ಆದರೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ಅದು ಸಾಮಾನ್ಯ ಬಳಕೆದಾರರ ಕೈಗೆಟುಕಲಿಲ್ಲ. ಅಷ್ಟರಲ್ಲಿ ಒಂದು ದಶಕದ ಕನ್ನಡ ಬರವಣಿಗೆ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿತ್ತು.

ಅಂಥ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಇಂದು ಇವೆ. ಆದರೆ ಅವುಗಳಿಗೆ ಮೂಲ ಫಾಂಟಿನ ಸಂಕೇತಕ್ರಮ ತಿಳಿದಿರಬೇಕು. ತಂದ ಮೇಲೂ ಕರಡು ತಿದ್ದಬೇಕು. ಅಚ್ಚಾದ ಪುಸ್ತಕ ಕಪಾಟಿನಲ್ಲಿದ್ದರೆ ಯಾರಾದರೂ ಓದಬಲ್ಲರು. ಫಾಂಟ್ ಕಳೆದುಹೋದ ಕಡತವನ್ನು ಓದುವವರು ವರ್ಷ ಕಳೆದಂತೆ ಕಡಿಮೆಯಾಗುತ್ತಾರೆ.